ತಾಂಬೂಲದಲ್ಲಿಟ್ಟು ಕೊಟ್ಟ ಫೀಸು

ಹೊಸನಗರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಪಕ್ಕದ ಅಂಗಡಿಯವನು ಗಿರಣಿಗೆ ಬರುವ ಓಣಿಗೆ ಅಡ್ಡವಾಗಿ ಗೋಡೆ ಎಬ್ಬಿಸತೊಡಗಿದ. ಗೋಡೆ ಇನ್ನೂ ಮೊಣಕಾಲೆತ್ತರ ಇತ್ತು, ನನ್ನ ತಲೆಯೊಳಗೆ ಆಗಲೇ ಗಿರಣಿಗೆ ಬೀಗ ಬಿದ್ದಿತ್ತು. ಸಾಗರದ ವಕೀಲರೊಬ್ಬರ ಬಳಿ ಓಡಿದೆ. ನಲವತ್ತು ಸಾವಿರ ಮುಂಗಡ ಎಂದರು.

ಹೆಂಡತಿ ತನ್ನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ತಂದಳು. "ತೀರ್ಥಹಳ್ಳೀಲಿ ತಮ್ಮನ ಮಗಳ ಮದುವೆ ಇದೆ, ಅಷ್ಟ್ರೊಳಗೆ ಬಿಡಿಸ್ಕೊಡಿ. ಮತ್ತೆ, ರಶೀದಿ ತಗೊಂಡ್ ಬನ್ನಿ."

ನಾನು ಮಾಡಿದ್ದೇನು? ಎಲೆ ಅಡಿಕೆಯ ಮೇಲೆ ನೋಟಿನ ಕಟ್ಟಿಟ್ಟು, ಪುರೋಹಿತರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟು ನಮಸ್ಕರಿಸಿದೆ. ರಶೀದಿ ಕೇಳಿದರೆ ಅವರಿಗೆ ಬೇಸರವಾಗಿ, ಕೇಸು ಸಡಿಲ ಬಿಟ್ಟು, ನಾನು ಸೋತು ಬೀದಿಗೆ ಬಿದ್ದು... ಇಷ್ಟೆಲ್ಲ ಯೋಚಿಸಿಯೇ ಬಾಯಿ ಮುಚ್ಚಿಕೊಂಡಿದ್ದೆ.

ವಕೀಲರು ಒಂದು ನೋಟಿಸು ಕಳಿಸಿದರು. ಪಕ್ಕದವನು ಅದನ್ನು ಹಿಡಿದುಕೊಂಡೇ ಬಂದ. "ಅಣ್ಣಾ, ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲ ಮಾರಾಯ." ಸಂಜೆಯೊಳಗೆ ಗೋಡೆ ಕಿತ್ತು ಹಾಕಿದ. ಕೇಸು ಹಾಕುವ ಮಾತೇ ಉಳಿಯಲಿಲ್ಲ.

ನೋಟಿಸಿನ ಖರ್ಚು ಹಿಡಿದುಕೊಂಡು ಉಳಿದದ್ದು ಕೊಡಿ ಎಂದು ಕೇಳಲು ಸಾಗರಕ್ಕೆ ಹೋದೆ. ಮೊದಲ ಸಲ ವಕೀಲರು ಕೋರ್ಟಿನಲ್ಲಿದ್ದರು. ಎರಡನೇ ಸಲ ಇದ್ದೂ ಇರಲಿಲ್ಲ. ಮೂರನೇ ಸಲ ಕೂರಿಸಿ ಕಾಫಿ ತರಿಸಿದರು.

"ಫೀಸು ಅಂತ ಕೊಟ್ರಾ ನೀವು?"

"ಮತ್ತೆಂತಕ್ಕೆ ಸಾರ್?"

"ಎಲೆ ಅಡಿಕೆ ಇಟ್ಟು, ಕೈ ಬೇರೆ ಮುಗಿದ್ರಿ. ದಕ್ಷಿಣೆ ಅಂದ್ಕೊಂಡೆ. ಅದನ್ನ ವಾಪಸ್ ತಗೊಂಡ್ರೆ ಕೊಟ್ಟೋರಿಗೇ ಒಳ್ಳೇದಾಗಲ್ಲ, ನೋಡಿ ಮತ್ತೆ."

ಕೋಪ ಬರಬೇಕಿತ್ತು, ಬಂದದ್ದು ಭಯ. ನಿಜಕ್ಕೂ ಏನಾದರೂ ತಟ್ಟೀತೇ ಎಂದು ಕಾಫಿ ಮುಗಿಯುವವರೆಗೂ ಯೋಚಿಸಿದೆ. ಅವರು ಐದು ಸಾವಿರ ಮೇಜಿನ ಮೇಲಿಟ್ಟು, "ನಿಮ್ಮ ಸಮಾಧಾನಕ್ಕೆ" ಎಂದರು. ತೆಗೆದುಕೊಂಡೆ. ಥ್ಯಾಂಕ್ಸ್ ಎಂದೂ ಹೇಳಿ ಬಂದೆ.

ಐದು ಸಾವಿರ ಸೊಸೈಟಿಯ ಬಡ್ಡಿಗೆ ಹೋಯಿತು. ಬಳೆ ಅಲ್ಲೇ ಉಳಿಯಿತು. ಮದುವೆಯ ದಿನ ನಾನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಟು ನಿಂತಿದ್ದೆ.

"ನೀವು ಬರೋದು ಬೇಡ" ಎಂದಳು ಹೆಂಡತಿ. "ಬಳೆ ಎಲ್ಲಿ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನೀವು ಪಕ್ಕದಲ್ಲಿದ್ರೆ ನಿಮ್ಮ ಮರ್ಯಾದೆಗೋಸ್ಕರ ನಾನು ಸುಳ್ಳು ಹೇಳ್ಬೇಕಾಗತ್ತೆ."

ತೀರ್ಥಹಳ್ಳಿಯ ಬಸ್ಸಿಗೆ ಒಬ್ಬಳೇ ಹೋದಳು. ನಾನು ಶರ್ಟು ಬಿಚ್ಚಿಟ್ಟು ಗಿರಣಿ ತೆರೆದೆ.