ಆ ಸಾಲು ಇನ್ನೊಮ್ಮೆ

ನಲವತ್ತರ ದಶಕದ ಒಂದು ಬೇಸಿಗೆ. ರಾಯಚೂರಿನಲ್ಲಿ ಕನ್ನಡದ ಪಂಡಿತರೆಲ್ಲ ಸಭೆ ಸೇರುತ್ತಾರೆಂದು ಕೇಳಿ ಅರಕೇರಾದಿಂದ ಹೊರಟೆ. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಓದಿ ಬಿ.ಎ. ಮುಗಿಸಿದ್ದ ನನಗೆ ಎಂ.ಎ.ಯನ್ನು ಕನ್ನಡದಲ್ಲಿ ಮಾಡಬೇಕೆಂಬ ಹಟ. ಅದಕ್ಕೆ ಮುಂಬಯಿ ಪ್ರಾಂತದ ಪ್ರೊಫೆಸರೊಬ್ಬರು ನನ್ನನ್ನು ಶಿಷ್ಯನೆಂದು ಒಪ್ಪಬೇಕಿತ್ತು. ಒಪ್ಪದಿದ್ದರೆ ದೇವದುರ್ಗದ ಕಚೇರಿಯಲ್ಲಿ ಕಾರಕೂನಿಕೆ ಕಾದೇ ಇತ್ತು.

ಅವ್ವನೂ ಜೊತೆಗೆ ಬಂದಳು. ರಾಯಚೂರಿನಲ್ಲಿ ಅವಳ ತಂಗಿಯ ಮನೆಯಿತ್ತು. ಹಿಂದಿನ ಮಳೆಗಾಲದಲ್ಲಿ ಅಕ್ಕ ಮಾನ್ವಿಯ ಗಂಡನ ಮನೆಯಲ್ಲಿ ಹೆರಿಗೆಯಾಗುವಾಗ ತೀರಿಕೊಂಡಿದ್ದಳು. ಹಳ್ಳ ಬಂದು ದಾರಿ ಕಟ್ಟಿತ್ತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ನಮ್ಮಲ್ಲಿ ಸತ್ತವರ ಮುಂದೆ ಕುಳಿತು ಹೆಂಗಸರು ಹಾಡಿ ಹಾಡಿ ಅಳುತ್ತಾರೆ. ಊರಲ್ಲಿ ಯಾರೇ ಸತ್ತರೂ ಆ ಹಾಡಿಗೆ ಅವ್ವನನ್ನೇ ಕರೆಯುತ್ತಿದ್ದರು. ಸ್ವಂತ ಮಗಳಿಗೆ ಮಾತ್ರ ಅವಳಿಂದ ಹಾಡಲಾಗಲಿಲ್ಲ. ಅಂದಿನಿಂದ ಅವಳ ಮಾತೂ ಕಡಿಮೆಯಾಗಿತ್ತು.

ಪಂಡಿತರನ್ನು ಹಿಡಿಯುವುದು ಸಂತೆಯಲ್ಲಿ ಹಗ್ಗ ಹರಿದುಕೊಂಡ ಟಗರನ್ನು ಹಿಡಿದಂತೆ. ಕುರಿ ಕಾಯ್ದ ಮನೆತನದವನಾದರೂ ನನಗದು ಒಲಿಯಲಿಲ್ಲ. ನಮ್ಮ ಕಡೆ ದೊಡ್ಡವರ ಮುಂದೆ ನಿಂತರೆ ಬಾಯಿಗೆ ಉರ್ದುವೇ ಬರುತ್ತಿತ್ತು. ಮೊದಲನೆಯವರಿಗೆ ಬಗ್ಗಿ ಆದಾಬ್ ಮಾಡಿ ‘ಹುಜೂರ್’ ಎಂದೆ. ಅವರು ನನ್ನನ್ನು ಯಾವುದೋ ಕಚೇರಿಯ ಜವಾನನೆಂದು ತಿಳಿದು ನೀರು ತರಹೇಳಿದರು. ತಂದುಕೊಟ್ಟೆ, ಏನು ಮಾಡಲಿ? ಎರಡನೆಯವರು ಹಳಗನ್ನಡದ ಪದ್ಯವೊಂದನ್ನು ಹೇಳು ಎಂದರು. ಉರ್ದುವಿನಲ್ಲಿ ಓದಿದ ನನಗೆ ಒಂದೂ ಬರುತ್ತಿರಲಿಲ್ಲ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪಕ್ಕದವರ ಕಡೆ ತಿರುಗಿದರು.

ಮೂರನೆಯ ಪ್ರೊಫೆಸರರು ತೆಳ್ಳಗಿನ ಮನುಷ್ಯ. ಊಟದ ಚಪ್ಪರದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನಿನಗೇನು ಗೊತ್ತು ಎಂದು ಕೇಳಿದರು. ಸಾವಿನ ಹಾಡುಗಳ ವಿಷಯ ಹೇಳಿದೆ. ತುತ್ತು ಎತ್ತಿದ ಕೈ ಅಲ್ಲೇ ನಿಂತಿತು.

“ಯಾರು ಹಾಡ್ತಾರ?”

“ನಮ್ಮವ್ವ ರೀ. ಇಲ್ಲೇ ಬಂದಾಳ.”

“ನಾಳೆ ಸಂಜೀ ಗಾಡಿಗೆ ನಾ ಹೊಂಟೀನಿ. ಅಷ್ಟರೊಳಗ ನನಗ ಕೇಳಸ್ರಿ. ಆಮ್ಯಾಲ ನಿಮ್ಮ ಮಾತು.”

ಚಿಕ್ಕವ್ವನ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಚಿಕ್ಕವ್ವನ ಮೊಮ್ಮಗು ಮಲಗಿದ್ದ ತೊಟ್ಟಿಲ ಕಡೆ ನೋಡಿದಳು. “ಹೆಣದ ಮುಂದ ಹಾಡೂದು ಯಪ್ಪಾ ಅದು. ಈ ಮನ್ಯಾಗ ಕೂಸು ಅದ” ಎಂದಳು. ನಾನು ಮತ್ತೆ ಕೇಳಲಿಲ್ಲ. ದೇವದುರ್ಗದ ಕಾರಕೂನಿಕೆಯೇ ಗತಿ ಎಂದುಕೊಂಡೆ.

ಬೆಳಿಗ್ಗೆ ಅವಳೇ ಎದ್ದು, ತಲೆ ಬಾಚಿಕೊಂಡು ಬಂದು ಕೇಳಿದಳು.

“ನಾ ಹಾಡಿದ್ರ ಅವರು ನಿನ್ನ ತೊಗೋತಾರೇನು?”

“ತೊಗೋಬಹುದವ್ವ.”

“ಹಂಗಾರ ಮನಿ ಹೊರಗ ಎಲ್ಲರೆ ಕುಂದ್ರೂಣು, ನಡಿ.”

ಕೆರೆಯ ದಂಡೆಯಲ್ಲಿ ಬೇವಿನ ಮರದ ಕೆಳಗೆ ಕುಳಿತೆವು. ಪ್ರೊಫೆಸರರೂ ಬರಿ ನೆಲದ ಮೇಲೇ ಕುಳಿತರು. ಅವರು ಕೆಟ್ಟವರೆಂದು ನಾನು ಎಂದೂ ಹೇಳುವುದಿಲ್ಲ.

“ಯಾರಿಗೆ ಹಾಡಿದ್ದು ಹಾಡ್ತೀರಿ, ಯವ್ವಾ?”

“ನನ್ನ ಮಗಳಿಗೆ ಹಾಡ್ತೀನ್ರಿ” ಎಂದಳು ಅವ್ವ.

ಸೆರಗು ಮುಖಕ್ಕೆ ಎಳೆದುಕೊಂಡು, ಮುಂದೆ ಯಾರೋ ಮಲಗಿದ್ದಾರೆಂಬಂತೆ ಬರಿ ನೆಲವನ್ನು ಸವರುತ್ತ ಶುರುಮಾಡಿದಳು. “ಹಳ್ಳ ಇಳಿಯೂತನ ನಿಲ್ಲಲಿಲ್ಲೇನ ನನ ಮಗಳ, ನಿನ ಮಾರಿ ನನಗ ತೋರಲಿಲ್ಲೇನ.” ಒಂದು ಮಳೆಗಾಲದಿಂದ ಒಳಗೇ ಉಳಿದಿದ್ದ ಅಳು ಆಗ ಕಟ್ಟೆ ಒಡೆದು ಬಂತು. ನಾನೂ ಅಳತೊಡಗಿದೆ.

ಪ್ರೊಫೆಸರರು ಪೆನ್ಸಿಲ್ ಎತ್ತಿದರು. “ಯವ್ವಾ, ಸ್ವಲ್ಪ ತಡೀರಿ. ಆ ಸಾಲು ಇನ್ನೊಮ್ಮೆ ಹೇಳ್ರಿ.”

ಅವ್ವ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಸಾಲನ್ನು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದಳು. ಆಮೇಲೆ ಪ್ರತಿ ಸಾಲಿಗೂ ಹಾಗೇ ನಿಂತಳು. ಆ ಪೆನ್ಸಿಲನ್ನು ಕಸಿದು ಕೆರೆಗೆ ಒಗೆಯುವಷ್ಟು ಸಿಟ್ಟು ಬಂತು ನನಗೆ. ಒಗೆಯಲಿಲ್ಲ, ನನ್ನ ಹೆಸರನ್ನೂ ಅದೇ ಪೆನ್ಸಿಲ್ ಬರೆದುಕೊಳ್ಳಬೇಕಿತ್ತು. ಹಾಡು ಮುಗಿದಾಗ ಅವ್ವನ ಕಣ್ಣು ಒಣಗಿತ್ತು. ಅವರು ನನ್ನ ಹೆಸರು ಕೇಳಿ ಬರೆದುಕೊಂಡು, “ಜೂನ್ ತಿಂಗಳದಾಗ ಬರ್ರಿ” ಎಂದರು. ಅವ್ವ ದಾರಿಯುದ್ದಕ್ಕೂ ಖುಷಿಯಾಗಿದ್ದಳು. ಅವಳ ಖುಷಿಯನ್ನು ನೋಡುವುದೇ ನನಗೆ ಕಷ್ಟವಾಯಿತು.

ಎಂ.ಎ.ಗೆ ಸೇರಿದ ಮೇಲೆ, ರಜೆಗೆ ಬಂದಾಗಲೆಲ್ಲ ಊರ ಹೊರಗಿನ ಗಿಡದ ನೆರಳಲ್ಲಿ ಅವಳು ತನಗೆ ಬರುತ್ತಿದ್ದ ಹಾಡುಗಳನ್ನೆಲ್ಲ ನನಗೆ ಹೇಳಿದಳು. ಒಂದು ಸಾಲು ಹೇಳುವಳು, ನಿಲ್ಲುವಳು, “ಬರಕೊಂಡ್ಯಾ?” ಎನ್ನುವಳು. ನಾನು ಹ್ಞೂಂ ಎಂದರೆ ಮುಂದಿನದು. ಆ ಹಾಡುಗಳ ಮೇಲಿನ ನನ್ನ ಪ್ರಬಂಧ ಮುಗಿಯಿತು, ಪದವಿಯೂ ಬಂತು.

ಮರುವರ್ಷ ಅಪ್ಪ ತೀರಿಕೊಂಡ. ನಮ್ಮಲ್ಲಿ ಮೊದಲು ಹೆಂಡತಿ ಹಾಡಬೇಕು, ಉಳಿದವರು ದನಿಗೂಡಿಸಬೇಕು. ಹೆಂಗಸರೆಲ್ಲ ಸುತ್ತ ಕುಳಿತು ಕಾಯುತ್ತಿದ್ದರು. ಅವ್ವ ಅಪ್ಪನ ಎದೆಯ ಮೇಲೆ ಕೈಯಿಟ್ಟು ಒಂದು ಸಾಲು ಹಾಡಿದಳು. ಹಾಡಿ ನಿಂತಳು. ಯಾರಿಗೂ ಏನೂ ತಿಳಿಯಲಿಲ್ಲ. ಅವಳು ಒಣಗಿದ ಕಣ್ಣುಗಳಿಂದ ಗುಂಪಿನಲ್ಲಿ ನನ್ನನ್ನು ಹುಡುಕಿದಳು.

“ಬರಕೊಂಡ್ಯಾ, ಯಪ್ಪಾ?”

ದುಃಖದಲ್ಲಿ ಬುದ್ಧಿ ಕೆಟ್ಟಿತೆಂದು ಚಿಕ್ಕವ್ವ ಬಾಯಿಗೆ ಸೆರಗು ಹಿಡಿದಳು. ನಾನು ಬರಿಗೈಯಲ್ಲಿ ಅಪ್ಪನ ಕಾಲ ಬಳಿ ಕುಳಿತಿದ್ದೆ.

“ಹ್ಞೂಂ ಅವ್ವಾ” ಎಂದೆ, “ಬರಕೊಂಡೆ. ಮುಂದಿಂದು ಹಾಡು.”