ದಾರ ಕಟ್ಟಿದ ಹೂವು

ನಮ್ಮ ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಾರೆ. ಬಾಯಿ ಹರಿತವೆಂದಲ್ಲ, ಅಂಥ ಬಾಯಿಗೆ ಎದುರುಮನೆಯಲ್ಲಿ ನಾನಿದ್ದೇನೆ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ: ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರದ ತುದಿಗಳನ್ನು ಹುಡುಕಿ ಕತ್ತರಿಸುವುದು. ಒಂದು ಎಳೆ ಉಳಿದರೂ ಅಂಗಿ ವಾಪಸ್ಸು ಬರುತ್ತದೆ, ಜೊತೆಗೆ ಸೂಪರ್‌ವೈಸರನ ಬೈಗುಳವೂ ಬರುತ್ತದೆ. ಹಾಗಾಗಿ ಆ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ಮಾತಾಡುತ್ತ ನಿಂತಿರುವಾಗಲೇ ಕತ್ತರಿ ಹೊರಬಂದು ನನ್ನ ತೋಳಿನ ಅಂಚಿನ ಎಳೆ ಕಚಕ್ಕೆಂದು ಮಾಯವಾಗುತ್ತದೆ.

“ಏನಿಲ್ಲ ಟೀಚರ್, ಕಣ್ಣಿಗೆ ಬಿತ್ತು” ಎನ್ನುತ್ತಾಳೆ.

ಅವಳ ಗಂಡ ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದ. ಮನೆಯ ಮುಂದೆ ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಜೀನಿಯಾ ಹೂವಿನ ಗಿಡ ಬೆಳೆಸುತ್ತಿದ್ದ. ಹನ್ನೊಂದು ವರ್ಷ ಬಿತ್ತಿ ಬಿತ್ತಿ ಒಂದು ಬಣ್ಣ ತಂದಿದ್ದ: ಇಟ್ಟಿಗೆ ಕೆಂಪು, ಅಂಚಿಗೆ ಸಣ್ಣ ಹಳದಿ ಗೆರೆ. ಅಂಥದ್ದು ಯಾವ ಅಂಗಡಿಯ ಪೊಟ್ಟಣದಲ್ಲೂ ಸಿಗುತ್ತಿರಲಿಲ್ಲ. “ಡಬ್ಬಿ ಬಣ್ಣ ಯಾರು ಬೇಕಾದ್ರೂ ಕಲಸ್ತಾರೆ ಟೀಚರ್. ಇದನ್ನ ಕಲಸ್ಲಿ ನೋಡೋಣ” ಎಂದು ಎದೆಯುಬ್ಬಿಸುತ್ತಿದ್ದ. ಹೆಂಡತಿ ಕಾರ್ಖಾನೆಯಿಂದ ಬರುವಷ್ಟರಲ್ಲಿ ನೀರು ಹಾಕಿ, ಕಳೆ ಕಿತ್ತು ಎಲ್ಲ ಮುಗಿದಿರುತ್ತಿತ್ತು. ಅವಳು ಆ ಗಿಡಗಳನ್ನು ಮುಟ್ಟಿದವಳೇ ಅಲ್ಲ.

ಈ ಬೇಸಿಗೆಯ ಮೊದಲ ಹೂಗಳು ಬಂದು ಎರಡು ವಾರವಾಗಿರಬೇಕು, ಬಸ್ಸಿಗೆ ನಂಬರ್ ಬರೆಯುತ್ತಿದ್ದವನು ಎದೆ ಹಿಡಿದುಕೊಂಡು ಏಣಿಯಿಂದ ಬಿದ್ದ. ಆಸ್ಪತ್ರೆಗೆ ಸೇರಿಸುವ ಮೊದಲೇ ಪ್ರಾಣ ಹೋಗಿತ್ತು. ಅರ್ಧ ನಂಬರಿನ ಆ ಬಸ್ಸು ಮೂರು ದಿನ ಹಾಗೇ ಓಡಾಡಿತು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಅವಳು ಗಿಡಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. “ಎಷ್ಟು ದಿನ ಇರತ್ತೆ ಟೀಚರ್ ಇದು? ಇದೂ ಹೋದ್ರೆ ಅವರದ್ದು ಅಂತ ಏನೂ ಉಳಿಯಲ್ಲ.”

ಗೊತ್ತಿದ್ದದ್ದನ್ನು ಹೇಳದಿದ್ದರೆ ನನಗೆ ತಿಂದನ್ನ ಅರಗುವುದಿಲ್ಲ. “ಬಾಡಿದ್ದನ್ನ ಕತ್ತರಿಸ್ತಾ ಹೋಗು. ಹೊಸ ಹೂ ಬರ್ತಾನೇ ಇರತ್ತೆ” ಎಂದೆ.

ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ‘ಕಾರಣ ಕೊಡಿ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಬರೆದ ಮಕ್ಕಳಿಗೆ ಮೂವತ್ತು ವರ್ಷ ಸೊನ್ನೆ ಹಾಕಿದವಳು ನಾನು.

ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಸುತ್ತು, ಸಂಜೆ ಬಂದ ಮೇಲೆ ಇನ್ನೊಂದು ಸುತ್ತು. ಬೇಸಿಗೆ ಮುಗಿಯುತ್ತ ಬಂದು ಬೀದಿಯ ಉಳಿದ ಗಿಡಗಳೆಲ್ಲ ಕಡ್ಡಿಯಾದರೂ ಅವಳ ಜೀನಿಯಾ ಮೊದಲ ವಾರದ ಹಾಗೇ ಅರಳುತ್ತಿತ್ತು. ಹೋಗಿಬರುವವರು ನಿಂತು ಹೊಗಳುವಾಗ ನಾನೂ ಒಳಗೊಳಗೇ ಬೀಗುತ್ತಿದ್ದೆ.

ಆಮೇಲೊಂದು ದಿನ ಅವಳು ಒಂದು ಹಳೆಯ ಪೇಂಟ್ ಡಬ್ಬಿ ಹಿಡಿದು ಬಂದಳು.

“ಮುಂದಿನ ವರ್ಷಕ್ಕೆ ಬೀಜ ಇದರಲ್ಲಿ ಇರ್ಬೇಕಿತ್ತು ಟೀಚರ್. ಒಂದು ಕಾಳೂ ಇಲ್ಲ. ಬರೀ ದಾರ ಇದೆ.”

ಹನ್ನೊಂದು ತುಂಡುಗಳಿದ್ದವು, ಒಂದೊಂದು ಒಂದೊಂದು ಬಣ್ಣ. ಪ್ರತಿಯೊಂದನ್ನೂ ಕಾಗದದಲ್ಲಿ ಮಡಚಿ ಅವನ ದುಂಡು ಅಕ್ಷರದಲ್ಲಿ ವರ್ಷ ಬರೆದಿತ್ತು. ಅವಳು ಒಂದನ್ನು ಬೆರಳಿಗೆ ಸುತ್ತಿಕೊಂಡಳು. “ಇವು ನಮ್ಮ ಫ್ಯಾಕ್ಟ್ರೀವು. ನನ್ನ ಬಟ್ಟೆಗೆ ಅಂಟ್ಕೊಂಡು ಬರ್ತಿದ್ವು, ಅವರು ತೆಗೆದು ಜೇಬಿಗೆ ಹಾಕ್ಕೊಳ್ಳೋರು. ಎಸೀತಾರೆ ಅಂದ್ಕೊಂಡಿದ್ದೆ.”

ಆಗ ನನಗೆ ಹೊಳೆಯಿತು. ಬೀಜಕ್ಕೆ ಬಿಟ್ಟ ಹೂವಿಗೆ ಗುರುತಾಗಿ ಕಟ್ಟಿದ ದಾರ! ಆ ಹೂವು ಗಿಡದಲ್ಲೇ ಒಣಗಬೇಕು, ಬೀಜ ಇರುವುದು ಅದರ ಬುಡದಲ್ಲಿ. ಕತ್ತರಿಸುತ್ತ ಹೋದರೆ ಗಿಡ ಬೀಜ ಕಟ್ಟಲಾಗದೆ ಹೂ ಬಿಡುತ್ತಲೇ ಇರುತ್ತದೆ. ನಾನು ನುಂಗಿಕೊಂಡ ಅರ್ಧ ಪಾಠ ಇದೇ.

“ಈ ವರ್ಷ ಯಾವುದಾದ್ರೂ ಹೂವಿಗೆ ದಾರ ಕಟ್ಟಿತ್ತಾ?”

ಅವಳು ಬೆರಳಿಗೆ ಸುತ್ತಿದ ದಾರ ಬಿಚ್ಚಿದಳು. “ಮೂರನೇ ಗಿಡದಲ್ಲಿ. ನೀಲಿ ದಾರ ಜೋತಾಡ್ತಿತ್ತು. ಕಣ್ಣಿಗೆ ಬಿತ್ತು.”

“ಹೂವು?”

“ಪೂರ್ತಿ ಒಣಗಿತ್ತಲ್ಲ ಟೀಚರ್. ಅದನ್ನೂ ಕತ್ತರಿಸಿದೆ.”

ಕತ್ತರಿಸಿದ್ದು ಎಲ್ಲಿ ಎಂದು ಕೇಳಿದೆ. ಕಾರ್ಖಾನೆಯಲ್ಲಿ ನೆಲದ ಮೇಲೆ ಒಂದು ಚೂರೂ ಬೀಳುವಂತಿಲ್ಲ. ಅಲ್ಲಿಯ ಅಭ್ಯಾಸದಂತೆ ದಿನವೂ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಲಾರಿಗೆ ಕೊಟ್ಟಿದ್ದಳು.

ಗಿಡಗಳಲ್ಲಿ ಇನ್ನೂ ಹದಿನಾಲ್ಕು ಹೂಗಳಿದ್ದವು, ಎಲ್ಲವೂ ಹೊಸವು. ಬೀಜ ಬಲಿಯಲು ಒಂದು ತಿಂಗಳಾದರೂ ಬಿಸಿಲು ಬೇಕು. ದೊಡ್ಡದೊಂದಕ್ಕೆ ಅವಳೇ ದಾರ ಕಟ್ಟಿ, ಕತ್ತರಿಯನ್ನು ನನ್ನ ಕೈಗೆ ಕೊಟ್ಟಳು. “ನೀವಿಟ್ಕೊಳ್ಳಿ. ಫ್ಯಾಕ್ಟ್ರೀಲಿ ಬೇರೆ ಕೊಡ್ತಾರೆ. ಮನೇಲಿ ನನ್ನ ಕೈ ನಂಬೋ ಹಾಗಿಲ್ಲ.”

ಒಂಬತ್ತನೇ ದಿನ ಮಳೆ ಹಿಡಿಯಿತು. ಐದು ದಿನ ಬಿಡಲೇ ಇಲ್ಲ. ದಾರ ಕಟ್ಟಿದ ಹೂವಿಗೆ ನಾನು ಕೊಡೆ ಕಟ್ಟಿದೆ, ಅವಳು ಪ್ಲಾಸ್ಟಿಕ್ ಹೊದಿಸಿದಳು. ಒಳಗೇ ಬೆವರಿ ಕಪ್ಪಾಗಿ ಕೊಳೆಯಿತು. ಅವಳು ಉಗುರಿನಿಂದ ಬಿಡಿಸಿ ನೋಡಿದಳು. ಬೂಷ್ಟು ಹಿಡಿದ ಹೊಟ್ಟಿತ್ತು, ಕಾಳಿರಲಿಲ್ಲ. ಉಳಿದ ಹದಿಮೂರನ್ನೂ ಹಾಗೇ ಬಿಡಿಸಿದಳು, ಒಂದರಲ್ಲೂ ಕಾಳಿರಲಿಲ್ಲ.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. “ತಪ್ಪು ನಂದು ಕಣೇ. ಪೂರ್ತಿ ಹೇಳ್ಬೇಕಿತ್ತು.”

“ಹೇಳಿದ್ದು ನೀವು” ಎಂದಳು. “ಕತ್ತರಿಸಿದ್ದು ನಾನು.”

ಕತ್ತರಿಯನ್ನು ವಾಪಸ್ಸು ಕೊಟ್ಟೆ. ಇಸಿದುಕೊಳ್ಳುವಾಗ ಅವಳ ಕಣ್ಣು ನನ್ನ ತೋಳಿನ ಅಂಚಿಗೆ ಹೋಯಿತು. ಅಲ್ಲೊಂದು ಎಳೆ ಜೋತಾಡುತ್ತಿತ್ತು. ಕೈ ತಾನಾಗಿ ಮೇಲೆ ಬಂತು, ಕತ್ತರಿ ಬಾಯಿ ತೆರೆಯಿತು. ಅವಳು ಎಳೆಯನ್ನು ಮುಟ್ಟದೆ ಕತ್ತರಿ ಮುಚ್ಚಿ, ನನ್ನ ಮುಖ ನೋಡದೆ ಒಳಗೆ ಹೋದಳು.