ಅಕ್ಕಿಯಲ್ಲ, ಅಕ್ಕಿ

ನಮ್ಮ ದೊಡ್ಡವ್ವನಿಗೆ ಟಿವಿಯವರು ಪ್ರಶಸ್ತಿ ಕೊಟ್ಟರು ಎಂದು ಭೀಮನಬೀಡಿನಲ್ಲಿ ಈಗಲೂ ಹೇಳಿಕೊಂಡು ತಿರುಗುವವರಿದ್ದಾರೆ. ಅವರ ಬಾಯಿಗೆ ಬೀಗ ಹಾಕಲು ನನ್ನಿಂದ ಆಗದು. ಆದರೆ ಅವರು ಅವಳಿಗೆ ಏನು ಕೊಟ್ಟರು, ಅವಳು ಅವರಿಗೆ ಏನು ಕೊಟ್ಟು ಬಂದಳು ಎಂಬುದನ್ನು ಕಣ್ಣಾರೆ ಕಂಡವನು ನಾನು. ನನ್ನ ಹೆಸರು ಶಾಂತರಾಜು, ಗುಂಡ್ಲುಪೇಟೆ ಬಸ್ ಡಿಪೋದಲ್ಲಿ ಕೆಲಸ, ಅವಳ ತಂಗಿಯ ಮಗ.

ದೊಡ್ಡವ್ವನ ಹೆಸರು ದೊಡ್ಡಮಾದಮ್ಮ. ಕೂಲಿ ಕೆಲಸದವಳು. ಚೆಂಡುಹೂವಿನ ಕಾಲದಲ್ಲಿ ಹೂ ಬಿಡಿಸುತ್ತಾಳೆ, ಅರಿಸಿನದ ಕಾಲದಲ್ಲಿ ಅರಿಸಿನ ಕೀಳುತ್ತಾಳೆ, ಈರುಳ್ಳಿಯ ಕಾಲದಲ್ಲಿ ಚೀಲ ತುಂಬುತ್ತಾಳೆ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಸಾಲಿನಲ್ಲಿ ಹೂ ಬಿಟ್ಟು ಮುಂದೆ ಹೋದ ಹೆಂಗಸಿಗೆ ಅವಳು ಬೈದರೆ ಪಕ್ಕದ ಹೊಲದವರೂ ಬಗ್ಗಿ ಕೆಲಸ ಮಾಡುತ್ತಾರೆ. ಗಂಡ ಚಿಕ್ಕಮಾದಯ್ಯ ಬೇರೆಯೇ ಜಾತಿಯ ಪ್ರಾಣಿ. ಹೆಂಡತಿ ಒಂದು ಕೆಲಸ ಹೇಳುವ ಮೊದಲೇ ಅದನ್ನು ಮುಗಿಸಿ, ಏನೂ ಗೊತ್ತಿಲ್ಲದವನ ಹಾಗೆ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿರುತ್ತಾನೆ.

ಅವರಿಗೆ ಒಬ್ಬಳೇ ಮಗಳು, ಶಿವರಂಜಿನಿ. ಹೈಸ್ಕೂಲಿಗೆ ಹೋಗುತ್ತಿದ್ದಾಗ ಜ್ವರ ಬಂದು ಹೋಗಿಬಿಟ್ಟಳು. ಅವತ್ತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡವ್ವ ಒಂದು ಪದ ಹೇಳಿದಳು. ಯಾರೂ ಕಲಿಸಿದ ಪದವಲ್ಲ, ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು.

"ಒತ್ತು ಮುಳುಗೋ ಮುಂಚೆ ಅಕ್ಕಿ ಆರೋಯ್ತು ನನ್ನವ್ವಾ, ಅಂಗೈಲಿಟ್ಟ ಕಾಳು ಅಂಗೇ ಉಳ್ಕಂತು."

ನಮ್ಮ ಕಡೆಯವರ ನಾಲಿಗೆಯ ಮೇಲೆ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ, ಹಕ್ಕಿ ಹಾರಿಹೋದರೆ ಅಕ್ಕಿ ಆರೋಗುತ್ತದೆ. ಇದರಿಂದ ನಮಗೆ ಯಾವತ್ತೂ ತೊಂದರೆಯಾಗಿಲ್ಲ. ಮರದ ಮೇಲಿದ್ದರೆ ಅದು ಯಾವ ಅಕ್ಕಿ, ಮೊರದಲ್ಲಿದ್ದರೆ ಯಾವ ಅಕ್ಕಿ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಅಲ್ಲಿಂದ ಮುಂದೆ ಅದೇ ಪದ ಹೇಳಲು ಸಾವಾದ ಮನೆಗಳಿಂದ ದೊಡ್ಡವ್ವನಿಗೆ ಕರೆ ಬರತೊಡಗಿತು. ಹೋಗುತ್ತಿದ್ದಳು. ಆದರೆ ಅವಳದೊಂದು ಕಟ್ಟಳೆ. ಹೆಣ ಎತ್ತುವ ಮುನ್ನ ನೆಂಟರಿಷ್ಟರೆಲ್ಲ ಸತ್ತವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರಲ್ಲ, ಅದು ಮುಗಿದ ಮೇಲೆಯೇ ಅವಳು ಬಾಯಿ ತೆರೆಯುವುದು. ಒಮ್ಮೆ ನಮ್ಮ ಪಂಚಾಯಿತಿ ಮೆಂಬರು ರಾಜಶೇಖರ್ ನವೆಂಬರ್ ಒಂದರ ಕಾರ್ಯಕ್ರಮದಲ್ಲಿ ಆ ಪದ ಹೇಳು ಎಂದು ಮೈಕು ಹಿಡಿದಿದ್ದ. "ಬಾಯ್ಗೆ ಅಕ್ಕಿ ಬೀಳ್ದೆ ಆ ಪದ ಇಲ್ಲ ಕಣಪ್ಪ. ಯಾರ್ ಬಾಯ್ಗೆ ಆಕನ ಏಳು, ನಿನ್ ಬಾಯ್ಗಾ?" ಎಂದಳು. ರಾಜಶೇಖರ್ ಮೈಕು ಕೆಳಗಿಟ್ಟು ಧ್ವಜದ ಕಡೆ ನೋಡುತ್ತ ನಿಂತ.

ಇದೇ ರಾಜಶೇಖರ್ ಮುಂದೆ ನಮ್ಮ ಬೀದಿಯ ಲಿಂಗಯ್ಯ ಸತ್ತಾಗ ಹಾರ ಹಾಕಲು ಬಂದ. ಹಾರ ಹಾಕಿದವನು ಸುಮ್ಮನೆ ಹೋದನೇ? ದೊಡ್ಡವ್ವ ಪದ ಹೇಳುವುದನ್ನು ಮೊಬೈಲಿನಲ್ಲಿ ಹಿಡಿದು ತನ್ನ ಹೆಸರು ಹಾಕಿ ಲೋಕಕ್ಕೆಲ್ಲ ಕಳಿಸಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರಿಗೆ ನಮ್ಮಲ್ಲಿ ಬರವಿಲ್ಲ.

ಅದು ಬೆಂಗಳೂರಿನ ಒಬ್ಬ ಮ್ಯೂಸಿಕ್ ಡೈರೆಕ್ಟರನ ಕಿವಿಗೆ ಬಿತ್ತು. ಆ ಪುಣ್ಯಾತ್ಮ ದೊಡ್ಡವ್ವನ ದನಿಯನ್ನಷ್ಟೇ ಕತ್ತರಿಸಿಕೊಂಡು, ಸುತ್ತಲಿನ ಅಳುವನ್ನೆಲ್ಲ ಒರೆಸಿ ಹಾಕಿ, ಕೆಳಗೆ ಡ್ರಮ್ಸು ಕೂರಿಸಿದ. ಅಕ್ಕಿ ಎಂದರೆ ಅವನ ಪಾಲಿಗೆ ಸೋನಾ ಮಸೂರಿ. ಆರೋಯ್ತು ಎಂದರೆ ಬಿಸಿಲಿಗೆ ಹಾಕಿದ್ದು ಒಣಗಿತು. ಆರಿದ ಮೇಲೆ ಇನ್ನೇನು ಮಾಡಬೇಕು? "ಅಕ್ಕಿ ಆರೋಯ್ತು, ಬಾರೇ ಬೇಬಿ ಬೀಸೋಣ" ಎಂದು ತಾನೇ ಒಂದು ಸಾಲು ಬರೆದು ಸೇರಿಸಿದ. ಸರಸ್ವತಿ ಅವತ್ತು ಯಾವ ಕಡೆ ಮುಖ ತಿರುಗಿಸಿಕೊಂಡಳೋ ಕಾಣೆ. ವಿಡಿಯೋದಲ್ಲಿ ಮೊಣಕಾಲಿಗಿಂತ ಮೇಲೆ ಲಂಗ ಉಟ್ಟ ಹುಡುಗಿಯರು ಮೊರ ಹಿಡಿದು ಅಕ್ಕಿ ಚಿಮ್ಮುತ್ತಾರೆ, ತಲೆಗೆ ಹಳದಿ ಬಣ್ಣ ಬಳಿದುಕೊಂಡ ಒಬ್ಬ ಗಂಡು ಆ ಅಕ್ಕಿರಾಶಿಯ ಮೇಲೆ ಹೊರಳಾಡುತ್ತಾನೆ. ಉಣ್ಣುವ ಅಕ್ಕಿಯನ್ನು ತುಳಿಯಬಾರದು ಎನ್ನುವಷ್ಟೂ ತಿಳಿವಳಿಕೆಯಿಲ್ಲ.

ದೊಡ್ಡವ್ವ ಇದನ್ನು ಮೊದಲು ಕೇಳಿದ್ದು ಗುಂಡ್ಲುಪೇಟೆಯ ಛತ್ರದಲ್ಲಿ, ನಮ್ಮ ನೆಂಟರ ಮದುವೆಯಲ್ಲಿ. ಊಟಕ್ಕೆ ಕೂತಿದ್ದಳು. ಹೊರಗೆ ಡಿಜೆಯವರು ಹಾಕಿದರು. ತನ್ನದೇ ದನಿ. ಎದ್ದು ಹೋಗಿ ನೋಡಿದರೆ ಮದುಮಗನೂ ಕುಣಿಯುತ್ತಿದ್ದಾನೆ, ಶಿವರಂಜಿನಿಯ ಮಣ್ಣಿಗೆ ಬಂದಿದ್ದ ನೆಂಟರೂ ಕುಣಿಯುತ್ತಿದ್ದಾರೆ. ಎಲೆಯ ಮುಂದಕ್ಕೆ ಅವಳು ವಾಪಸು ಬರಲಿಲ್ಲ. ಛತ್ರದ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತಿದ್ದಳು.

"ನನ್ ಮಗೀನ ಎಣದ್ ಮುಂದೆ ಕುಣೀತಾವ್ರಲ್ಲ ಕಣ್ಲಾ ಸಾಂತ," ಎಂದಳು. ಅವಳು ಅತ್ತಿದ್ದನ್ನು ಮಗಳು ಹೋದ ಮೇಲೆ ನಾನು ನೋಡಿದ್ದು ಅವತ್ತೇ.

ಬೆಂಗಳೂರಿನವರಿಗೆ ತಿಳಿಯಲಿಲ್ಲ, ಬಿಡಿ. ನಮ್ಮೂರಿನವರಿಗೆ ಏನಾಗಿತ್ತು ರೋಗ? ಅದು ಯಾವ ಅಕ್ಕಿ ಎಂದು ಒಬ್ಬೊಬ್ಬರಿಗೂ ಗೊತ್ತು. ಹೋಗಿ ರಾಜಶೇಖರನನ್ನು ಕೇಳಿದೆ. "ಯಾವ್ ಅಕ್ಕಿಯಾದ್ರೇನ್ಲಾ, ನಮ್ಮೂರ್ ಎಸ್ರು ಬತ್ತಾ ಅದಲ್ಲ, ಸುಮ್ನಿರು" ಎಂದ. ಮಾರನೆಯ ವಾರ ಬಸ್ ಸ್ಟಾಪಿನಲ್ಲಿ 'ಅಕ್ಕಿ ಅಜ್ಜಿ'ಗೆ ಅಭಿನಂದನೆ ಎಂದು ಫ್ಲೆಕ್ಸು ಬಿತ್ತು. ಅದರಲ್ಲಿ ಅಜ್ಜಿ ಹೆಬ್ಬೆಟ್ಟಿನಷ್ಟು, ರಾಜಶೇಖರ್ ಆಳೆತ್ತರ.

ಹೀಗಿರುವಾಗ ಟಿವಿಯವರ ಫೋನು ಬಂತು. ಆ ವರ್ಷದ ಮ್ಯೂಸಿಕ್ ವಿಡಿಯೋಗಳಿಗೆಲ್ಲ ಪ್ರಶಸ್ತಿ ಕೊಡುವ ಸಮಾರಂಭವಂತೆ, ಲೈವ್ ಅಂತೆ, 'ಧೂಳೆಬ್ಬಿಸಿದ ಜಾನಪದ ವಿಡಿಯೋ' ಎಂಬ ಪ್ರಶಸ್ತಿ ಇದಕ್ಕೇ ಅಂತೆ. ಅಜ್ಜಿ ಬರಬೇಕು, ವೇದಿಕೆಯ ಮೇಲೆ ಎರಡು ಸಾಲು ಹಾಡಬೇಕು. ನಾನು ಆ ಫೋನಿನವನಿಗೆ ಬಿಡಿಸಿ ಹೇಳಿದೆ. ಅದು ಹಕ್ಕಿ ಸ್ವಾಮಿ, ಸತ್ತ ಮಗಳ ಮೇಲಿನ ಪದ ಎಂದೆ. ಅವನು, "ಸರ್, ಸಾಂಗ್ ಆಲ್ರೆಡಿ ಹಿಟ್ ಆಗಿದೆ, ಈಗ ಮೀನಿಂಗ್ ಚೇಂಜ್ ಮಾಡಕ್ಕಾಗಲ್ಲ" ಎಂದ.

ಹೋಗುವುದು ಬೇಡ ಎಂದೆ ನಾನು. ದೊಡ್ಡವ್ವ ಕೇಳಲಿಲ್ಲ. "ಓಗನ ನಡಿ. ಇದು ನನ್ ಮಗಳ್ ಪದ, ಕುಣೀಬ್ಯಾಡಿ ಅಂತ ಎಲ್ರ ಮುಂದೆ ಒಂದ್ ಮಾತ್ ಏಳ್ಬುಟ್ಟು ಬತ್ತೀನಿ. ಟಿವೀಲಿ ಏಳುದ್ರೆ ಎಲ್ರುಗೂ ಕೇಳ್ತದಲ್ಲ."

"ಹಾಡು ಅಂದರೆ?"

"ಜೀವ ಇರೋರ್ ಮುಂದೆ ನಾನ್ಯಾಕ್ ಏಳ್ಲಿ?"

ಚಿಕ್ಕಮಾದಯ್ಯ ಅವಳ ಸೀರೆಯನ್ನು ಆಗಲೇ ಮಡಿಸಿ ಚೀಲಕ್ಕೆ ಹಾಕಿದ್ದ.

ಆ ಸಮಾರಂಭದ ವೈಭವ ಏನು ಹೇಳಲಿ! ಕಣ್ಣು ಕುಕ್ಕುವ ದೀಪ, ಬಾಯಿಂದ ಹೊಗೆ ಬಿಡುವ ಯಂತ್ರ, ಒಂದೊಂದು ಕುರ್ಚಿಗೂ ಬಟ್ಟೆ. ಅಲ್ಲಿದ್ದ ಹೆಣ್ಣುಗಂಡುಗಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು, ತಬ್ಬಿಕೊಂಡೇ ಭುಜದ ಮೇಲಿಂದ ಕ್ಯಾಮೆರಾ ಎಲ್ಲಿದೆ ಎಂದು ಹುಡುಕುತ್ತಿದ್ದರು. ಪ್ರಶಸ್ತಿ ಪಡೆದವರೆಲ್ಲ ತಮಗೆ ಮಾತೇ ಹೊರಡುತ್ತಿಲ್ಲ ಎಂದು ಬಹಳ ಹೊತ್ತು ಮಾತಾಡಿದರು. ಅತ್ಯುತ್ತಮ ತುಟಿಚಲನೆಗೆ ಒಂದು ಪ್ರಶಸ್ತಿ ಇತ್ತು. ಹಾಡಿದವರಿಗೇ ಇಲ್ಲದ್ದು ತುಟಿ ಆಡಿಸಿದವರಿಗೆ! ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಕರೆಯದೆ ಬಂದ ರಾಜಶೇಖರ್ ಮಾತ್ರ ಬಿಳಿ ಅಂಗಿ ಹಾಕಿಕೊಂಡು ಹೇಗೋ ಮುಂದಿನ ಸಾಲು ಸೇರಿದ್ದ.

ದೊಡ್ಡವ್ವನನ್ನು ಕರೆದರು. ಹಿಂದೆಯೇ ಆ ಡೈರೆಕ್ಟರ್ ಹೋದ, ಹಣ ಹಾಕಿದ ಅಕ್ಕಿ ಮಿಲ್ಲಿನ ಮಾಲೀಕ ಹೋದ, ಊರಿನ ಪರವಾಗಿ ಎಂದು ರಾಜಶೇಖರನೂ ಹತ್ತಿದ. ಚಿನ್ನದ ಬಣ್ಣ ಬಳಿದ ಮೊರದ ತುಂಬ ಅಕ್ಕಿ ತಂದು ಮುಂದಿಟ್ಟರು. ಕಾರ್ಯಕ್ರಮ ನಡೆಸುವ ಹುಡುಗಿ ದೊಡ್ಡವ್ವನ ಹೆಗಲಿಗೆ ಕೈ ಹಾಕಿ, "ನಮ್ಮೆಲ್ಲರ ಫೇವರಿಟ್ ಅಕ್ಕಿ ಅಜ್ಜಿ! ಹೇಗ್ ಅನಿಸ್ತಿದೆ?" ಎಂದಳು.

"ಅವ್ವ, ಅದು ಅಕ್ಕಿ ಅಲ್ಲ ಕಣವ್ವ," ಎಂದಳು ದೊಡ್ಡವ್ವ. "ಅಕ್ಕಿ."

ಸಭೆಗೆ ಸಭೆಯೇ ನಕ್ಕಿತು.

"ಅಕ್ಕಿ ಅಲ್ಲ, ಅಕ್ಕಿ! ಎಷ್ಟು ಕ್ಯೂಟ್ ಅಲ್ವಾ?"

"ಅಲ್ಲ ಕಣವ್ವ. ಆರಾಡ್ತದಲ್ಲ, ಆ ಅಕ್ಕಿ."

"ಓ, ಕಲ್ಲು ಆರಿಸ್ತಾರಲ್ಲ, ಆ ಅಕ್ಕಿ!"

ನಾನು ಕೊನೆಯ ಸಾಲಿನಿಂದ ಎದ್ದು ಕೂಗಿದೆ. ಓದು ಬರಹ ಬಲ್ಲವನು, ಹಕಾರ ಹಿಡಿದು ಮಾತಾಡಬಲ್ಲವನು ನಾನು. ಆದರೆ ಸಿಟ್ಟು ಬಂದಾಗ ನನ್ನ ನಾಲಿಗೆಯೂ ಭೀಮನಬೀಡಿನದೇ. ಹೊರಬಿದ್ದದ್ದು ಅಕ್ಕಿ, ಅಕ್ಕಿ ಎಂದೇ. ಅಕ್ಕಪಕ್ಕದವರು ನನಗೆ ಉತ್ಸಾಹ ಬಂದಿದೆ ಎಂದುಕೊಂಡು ತಾವೂ ಅಕ್ಕಿ ಅಕ್ಕಿ ಎಂದು ಶಿಳ್ಳೆ ಹೊಡೆದರು.

ದೊಡ್ಡವ್ವ ಮಾತು ಬಿಟ್ಟು ಎರಡೂ ಕೈ ಅಗಲಿಸಿ ರೆಕ್ಕೆ ಬಡಿದು ತೋರಿಸಿದಳು. "ಅಜ್ಜಿ ಸ್ಟೆಪ್!" ಎಂದು ಕಿರುಚಿದಳು ಆ ಹುಡುಗಿ. ಡ್ರಮ್ಸು ಬಡಿಯಿತು. ಕೋಟು ಹಾಕಿದವರು, ಗೌನು ಹಾಕಿದವರು, ಎಲ್ಲರೂ ಎದ್ದು ಕೈ ಬಡಿಯುತ್ತ ಕುಣಿದರು. ಗದ್ದಲ ಇಳಿದಾಗ ದೊಡ್ಡವ್ವ ಇನ್ನೊಮ್ಮೆ ಪ್ರಯತ್ನ ಮಾಡಿದಳು. "ನನ್ ಮಗಳು..." ಎಂದಳು. ಅಷ್ಟರಲ್ಲಿ ಹುಡುಗಿ ಮೈಕನ್ನು ತನ್ನ ಕಡೆ ಎಳೆದುಕೊಂಡು, "ಅಜ್ಜಿ ಮಗಳಿಗೂ ಒಂದು ಜೋರು ಚಪ್ಪಾಳೆ!" ಎಂದಳು. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಅವಳನ್ನು ಎಳೆದುಕೊಂಡು ಬರೋಣವೆಂದರೆ ದಾರಿಗೆ ಅಡ್ಡ ಕಪ್ಪು ಅಂಗಿಯ ಕಾವಲಿನವರು.

"ಈಗ ಎರಡೇ ಎರಡು ಸಾಲು, ಪ್ಲೀಸ್!" ಎಂದಳು ಹುಡುಗಿ.

ದೊಡ್ಡವ್ವ ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕಳೆ ಕೀಳುವ ಮೊದಲು ಹೊಲವನ್ನು ಹಾಗೇ ನೋಡುತ್ತಾಳೆ. ಆಮೇಲೆ ಬಗ್ಗಿ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡಳು.

"ಬಾಯಿ ತಗಿ ಮಗ," ಎಂದಳು.

"ಆಶೀರ್ವಾದಾನಾ? ವಾವ್!" ಎಂದು ಆ ಹುಡುಗಿ ಬಾಯಿ ತೆರೆದಳು. ದೊಡ್ಡವ್ವ ನಾಲ್ಕು ಕಾಳು ಹಾಕಿದಳು. ಡೈರೆಕ್ಟರ್ ತನಗೂ ಎಂದು ಮುಂದೆ ಬಂದ. ಅವನ ಬಾಯಿಗೂ ನಾಲ್ಕು ಕಾಳು. ಮಿಲ್ಲಿನ ಮಾಲೀಕ ಕೈಮುಗಿದು ಕಣ್ಣು ಮುಚ್ಚಿ ಬಾಯಿ ತೆರೆದ, ಪ್ರಸಾದ ತೆಗೆದುಕೊಳ್ಳುವವನ ಹಾಗೆ. ಹಳದಿ ತಲೆಯವನು ಓಡಿಬಂದು ಮಂಡಿಯೂರಿದ. ಮುಂದಿನ ಸಾಲಿನ ಜಡ್ಜುಗಳು ನಮಗೂ ಅಜ್ಜಿ, ನಮಗೂ ಅಜ್ಜಿ ಎಂದು ನೂಕಾಡಿಕೊಂಡು ವೇದಿಕೆ ಹತ್ತಿದರು. ದೊಡ್ಡವ್ವ ಯಾರನ್ನೂ ಬಿಡಲಿಲ್ಲ, ಕ್ರಮವಾಗಿ ಹಾಕುತ್ತಾ ಬಂದಳು. ಕೊನೆಗೆ ಅವಳ ಕೈ ರಾಜಶೇಖರನ ಕಡೆ ತಿರುಗಿತು. ಅವನೊಬ್ಬನಿಗೇ ಗೊತ್ತಿತ್ತು ಅಲ್ಲಿ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ವೈರು ಎಡವಿ, ಪರದೆಯ ಸಂದಿಯಲ್ಲಿ ಓಡಿಹೋದ.

ದೊಡ್ಡವ್ವ ಸೆರಗು ಹೊದ್ದು ವೇದಿಕೆಯ ನಡುವೆ ಕೂತಳು. ಕೂತು ಪದ ಹೇಳಿದಳು. ಎರಡು ಸಾಲಲ್ಲ, ಪೂರ್ತಿ. ಡ್ರಮ್ಸಿನವನು ಬಡಿಯಲು ನೋಡಿ, ತಾಳ ಸಿಕ್ಕದೆ ಬಿಟ್ಟ. ಮಗಳ ಹೆಸರು ಹಿಡಿದು ಅವಳು ಕರೆದಾಗ ನಾನು ಮುಖ ಮುಚ್ಚಿಕೊಂಡು ಅತ್ತೆ. ಸುತ್ತ ಕೂತವರು ಮೊಬೈಲಿನ ಬೆಳಕು ಹಚ್ಚಿ ಅತ್ತಿತ್ತ ತೂಗಾಡುತ್ತಿದ್ದರು. ಕೆಲವರ ಹಲ್ಲಿನ ನಡುವೆ ಇನ್ನೂ ಅಕ್ಕಿ ಇತ್ತು.

ಬೆಳಗಿನ ಬಸ್ಸಿನಲ್ಲಿ ವಾಪಸು ಹೊರಟೆವು. ಪ್ರಶಸ್ತಿಯ ಗಾಜಿನ ಬೊಂಬೆ ಅವಳ ಕಾಲ ಬಳಿ ಉರುಳಾಡುತ್ತಿತ್ತು. ನಂಜನಗೂಡು ದಾಟುವವರೆಗೂ ನನಗೆ ಕೇಳಲು ಧೈರ್ಯ ಬರಲಿಲ್ಲ.

"ಜೀವ ಇರೋರ ಬಾಯಿಗೆ ಅಕ್ಕಿ ಹಾಕ್ಬುಟ್ಟಲ್ಲ ದೊಡ್ಡವ್ವ," ಎಂದೆ.

"ಜೀವ ಇದ್ದುದ್ರೆ ಮಗಳ್ ಎಸ್ರೇನು ಅಂತ ಒಬ್ರಾದ್ರೂ ಕೇಳ್ತಿದ್ರು ಕಣ್ಲಾ," ಎಂದಳು. "ಪದ ಏಳು, ಪದ ಏಳು ಅಂದ್ರು. ಸತ್ತೋರ್ ಮುಂದೆ ಏಳೋ ಪದ ಅದು. ಅದ್ಕೇ ಮೊದ್ಲು ಮಾಡೋದ್ ಮಾಡ್ಬುಟ್ಟು, ಆಮೇಲ್ ಏಳ್ದೆ."

ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಊರಿಗೆ ಬಂದಾಗ ಬಸ್ ಸ್ಟಾಪಿನಲ್ಲಿ ಹಾರ ಹಿಡಿದವರಾರೂ ಇರಲಿಲ್ಲ. ಊರೆಲ್ಲ ಟಿವಿಯಲ್ಲಿ ನೋಡಿತ್ತು. ಅಂಗಡಿ ಮುಂದೆ ಕೂತವರು ನಮ್ಮನ್ನು ಕಂಡು ಮಾತು ನಿಲ್ಲಿಸಿದರು, ಒಬ್ಬ ಮುದುಕ ತಲೆಯ ಮೇಲಿನ ಟವೆಲು ತೆಗೆದ. ಫ್ಲೆಕ್ಸು ಆಗಲೇ ಇಳಿದಿತ್ತು.

ದೊಡ್ಡವ್ವ ಮನೆಯ ಬಾಗಿಲವರೆಗೆ ಬಂದವಳು ಒಳಗೆ ಕಾಲಿಡಲಿಲ್ಲ. ಗಾಜಿನ ಬೊಂಬೆಯನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು, ಮುಡಿ ಬಿಚ್ಚಿ ಅಂಗಳದಲ್ಲೇ ನಿಂತಳು. ಸಾವಿನ ಮನೆಯಿಂದ ಬಂದವರಿಗೆ ಯಾರಾದರೂ ಹೊರಗಡೆಯೇ ನೀರು ಹುಯ್ಯಬೇಕು. ಕರೆಯಬೇಕೆಂದು ನಾನು ಬಾಯಿ ತೆರೆದೆ.

ಚಿಕ್ಕಮಾದಯ್ಯ ಜಗಲಿಯ ಮೇಲೆ ಬೀಡಿ ಆರಿಸಿ ಎದ್ದ. ಅಂಗಳದ ಮೂಲೆಯಲ್ಲಿ ಹಂಡೆಯ ನೀರು ಆಗಲೇ ಕಾದಿತ್ತು.